ತಂದೆ ಇರುವವನ ಮೀಸೆ

ನಮ್ಮ ಕಡೆ ತಂದೆ ಬದುಕಿರುವ ಮಗ ಮೀಸೆ ತೆಗೆಸುವುದಿಲ್ಲ. ತಂದೆ ತೀರಿಕೊಂಡಾಗ ತಲೆಗೂದಲಿನೊಡನೆ ಅದನ್ನೂ ಕೊಡುವುದು ಮಗನಾದವನ ಕರ್ತವ್ಯ. ಬೋಳು ತುಟಿಯ ತರುಣ ಎದುರಾದರೆ ಜನ ಸಾವು ಯಾವಾಗ ಆಯಿತೆಂದು ಕೇಳುತ್ತಾರೆ. ಇದನ್ನು ಚೆನ್ನಾಗಿ ಬಲ್ಲವನಾಗಿಯೂ ನಾನು, ಭಟ್ಕಳದ ಸಮೀಪದ ಹಳ್ಳಿಯ ಮಾಸ್ತಿ ಎಂಬವನ ಮಗ ಪಾಂಡು, ನಲವತ್ತಮೂರನೆಯ ಇಸವಿಯ ಬೇಸಗೆಯಲ್ಲಿ ಮೀಸೆ ತೆಗೆಸಿದೆ.

ಮನೆಯಲ್ಲಿ ಹೇಳದೆ ನಾಟಕ ಕಂಪನಿ ಸೇರಿ ಎರಡು ತಿಂಗಳಾಗಿತ್ತು. ಕುಮಟೆಯ ಬಿಡಾರದಲ್ಲಿ ಸ್ತ್ರೀಪಾತ್ರದವನು ಜ್ವರದಿಂದ ಮಲಗಿದ್ದರಿಂದ ಮಾಲೀಕ ಕಮಲಾಕರರಾಯರು ದ್ರೌಪದಿಯ ಸೀರೆಯನ್ನು ನನಗೆ ಉಡಿಸಿದರು. ಮೀಸೆಯ ಮೇಲೆ ಮೂರು ಪದರ ಬಣ್ಣ ಮೆತ್ತಿಕೊಂಡೆ. ಎರಡನೆಯ ಅಂಕದಲ್ಲಿ ಗ್ಯಾಸ್‌ಲೈಟಿನ ಬಿಸಿಗೆ ಬಣ್ಣವೆಲ್ಲ ಬೆವರಿನೊಡನೆ ಇಳಿಯಿತು.

"ದ್ರೌಪದಕ್ಕಾ, ಭೀಮನ ಮೀಸೆ ನೀ ಹಚ್ಕಂಡ್ಯನೇ?" ಎಂದು ನೆಲದಲ್ಲಿ ಕುಳಿತ ಪ್ರೇಕ್ಷಕನೊಬ್ಬ ಕೇಳಿದ. ಸೀರೆ ಸೆಳೆಯುವ ಮೊದಲೇ ನನ್ನ ಮಾನ ಹೋಯಿತು.

ಕಂಪನಿ ಹೊನ್ನಾವರಕ್ಕೆ ಬಂದ ದಿನ ರಾಯರು, ಮೀಸೆ ಇಟ್ಟುಕೊಳ್ಳುವುದಾದರೆ ಪಾತ್ರ ಬಿಡು ಎಂದರು. ನನಗೆ ಪಾತ್ರ ಬೇಕಾಗಿತ್ತು. ಅಗ್ಗದ ಕಾದಂಬರಿಗಳಲ್ಲಿ ಮಾತ್ರ ಕಂಡಿದ್ದ ಮಾತುಗಳನ್ನು ಆ ಸೀರೆಯಲ್ಲಿ ನಿಂತಾಗ ನಾನೇ ಆಡಬಹುದಾಗಿತ್ತು.

ಪೇಟೆಯ ಕ್ಷೌರಿಕ ಅಣ್ಣಪ್ಪ ನನ್ನ ತುಟಿಗೆ ನೀರು ಹಚ್ಚಿ, ಕತ್ತಿಯನ್ನು ಹಿಡಿದು ತಡೆದ.

"ತಮಾ, ಅಪ್ಪ ಇದ್ನಾ?"

"ಇಲ್ಲ" ಎಂದೆ.

ತಲೆಗೂದಲು ಹೇಗೆ ಉಳಿಯಿತೆಂದು ಅವನು ಕೇಳಲಿಲ್ಲ. ಪಾಪ ಎಂದು ನಾಲಗೆ ಲೊಚಗುಟ್ಟಿ, ಹಗುರವಾದ ಕೈಯಲ್ಲಿ ಕೆಲಸ ಮುಗಿಸಿದ. ಕನ್ನಡಿಯಲ್ಲಿ ಕಂಡ ಮುಖ ದ್ರೌಪದಿಯದೂ ಆಗಿರಲಿಲ್ಲ, ನನ್ನದೂ ಆಗಿರಲಿಲ್ಲ.

ಮರುದಿನ ಆಟದ ಜಾಹೀರಾತು ಹಂಚಲು ತಾರಿ ದೋಣಿಯಲ್ಲಿ ಹೊಳೆ ದಾಟಿ ಆಚೆ ದಡದ ಕಾಸರಕೋಡಿಗೆ ಹೋದೆ. ಬಿಸಿಲಿಗೆ ತಲೆಗೆ ಪಂಜಿಬಟ್ಟೆ ಸುತ್ತಿದ್ದೆ. ದಡದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರ ನಡುವೆ ನಮ್ಮ ನೆರೆಮನೆಯ ಮಂಜಿ ಇದ್ದಳು. ಕೂಲಿಗೆಂದು ಬಂದು ಹದಿನೈದು ದಿನಗಳಿಂದ ಅಲ್ಲಿಯೇ ಇದ್ದಳಂತೆ. ಅವಳ ದೃಷ್ಟಿ ನನ್ನ ತುಟಿಯ ಮೇಲೆ ನಿಂತಿತು. ಕೈಯಲ್ಲಿದ್ದ ಬುಟ್ಟಿ ಕೆಳಗಿಳಿಯಿತು.

"ಮಾಸ್ತಣ್ಣ ಯಾವಾಗ ಹೋದ, ತಮಾ?"

ಹೆಂಗಸರೆಲ್ಲರೂ ತಿರುಗಿ ನೋಡಿದರು. ಸೀರೆ ಉಡಲಿಕ್ಕೆಂದು ಬೋಳಿಸಿದೆ ಎಂದು ಅವರ ಎದುರಿಗೆ ಹೇಳಲು ನನ್ನಿಂದಾಗಲಿಲ್ಲ. ಕೂದಲು ಕಾಣದಂತೆ ಪಂಜಿಯನ್ನು ಬಿಗಿ ಮಾಡಿಕೊಂಡು, "ಹೋದ ವಾರ" ಎಂದೆ. ಅವಳು ನನ್ನ ಗಲ್ಲ ಹಿಡಿದು ಅತ್ತಳು. ನನ್ನ ಕಂಕುಳಲ್ಲಿ ಜಾಹೀರಾತಿನ ಕಟ್ಟು ಬೆವರಿನಿಂದ ಒದ್ದೆಯಾಯಿತು.

ನಾನು ಹಿಂದಿರುಗಿದ ಮೇಲೆ ಅವಳು ಕೂಲಿ ಬಿಟ್ಟು ಅಂದೇ ಊರಿಗೆ ಹೊರಟಳೆಂಬುದು ನನಗೆ ತಿಳಿದಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಬಿಡಾರದ ಬಾಗಿಲಲ್ಲಿ ಅಪ್ಪ ನಿಂತಿದ್ದ. ಯುದ್ಧದ ಕಾಲವಾದ್ದರಿಂದ ಬಸ್ಸು ಸಿಕ್ಕದೆ, ಮಂಜಿ ಹೇಳಿದ ಜಾಹೀರಾತಿನ ಜಾಡು ಹಿಡಿದು ನಡೆದೇ ಬಂದಿದ್ದ, ಮೊಣಕಾಲಿನವರೆಗೆ ಕೆಂಧೂಳಿತ್ತು. ಬಯ್ಯಲಿಲ್ಲ. ನೀರು ಕುಡಿದು, ತಗ್ಗಿದ ದನಿಯಲ್ಲಿ ಹೇಳಿದ:

"ಮಂಜಿ ಅಂಗಳ್ದಲ್ಲಿ ಬಂದು ಕೂತು ಅತ್ತಳು. ಯಾರು ಹೋದ್ರೇ ಅಂತ ನಾನೇ ಎದ್ದು ಕೇಳ್ದೆ."

ನಾನು ತುಟಿಯನ್ನು ಅಂಗೈಯಿಂದ ಮುಚ್ಚಿಕೊಂಡೆ. ಅವನು ಆ ಕೈಯನ್ನು ಹಿಡಿದು, ಯಾರು ಬೋಳಿಸಿದ್ದೆಂದು ವಿಚಾರಿಸಿ, ನನ್ನನ್ನು ಅಣ್ಣಪ್ಪನ ಅಂಗಡಿಗೆ ಕರೆದೊಯ್ದ. ಅಲ್ಲಿ ನಾಲ್ಕು ಜನ ಸರದಿಗೆ ಕಾದಿದ್ದರು.

"ಇಲ್ಲಿ ಎಂತ ಹೇಳಿದ್ಯೋ, ಅದ ತಿರುಗಿಸಿ ಹೇಳು" ಎಂದ ಅಪ್ಪ.

"ಇವನು ನನ್ನ ಅಪ್ಪ" ಎಂದೆ.

ಅಣ್ಣಪ್ಪ ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. ಬಳಿಕ ಕತ್ತಿಯನ್ನು ಎರಡು ಸಲ ತೊಳೆದ. ಕಾದಿದ್ದವರಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

"ಮೀಸೆ ಬಂದ್ಮೇಲೆ ಮನೆಗೆ ಬಾ" ಎಂದು ಬೀದಿಯಲ್ಲಿ ಅಪ್ಪ ಹೇಳಿದ. "ನಿನ್ನವ್ವ ಹೀಂಗೆ ನೋಡೂದು ಬೇಡ."

ಅಣ್ಣಪ್ಪ ಮತ್ತೆ ನನ್ನನ್ನು ಮುಟ್ಟಲಿಲ್ಲ. ನಾನೇ ಒಂದು ಕತ್ತಿ ಕೊಂಡೆ. ಈ ಆಟವೊಂದು ಮುಗಿಯಲಿ, ಈ ಊರೊಂದು ದಾಟಲಿ ಎನ್ನುತ್ತ ದಿನ ಬಿಟ್ಟು ದಿನ ಬೋಳಿಸಿಕೊಂಡೆ. ಊರುಗಳು ಮುಗಿಯಲಿಲ್ಲ. ಮೀಸೆ ಬೆಳೆದರೆ ಹೋಗಬಹುದಾಗಿದ್ದ ಮನೆಗೆ ಆರು ವರ್ಷ ಹೋಗಲಿಲ್ಲ.

ನಲವತ್ತೊಂಬತ್ತರಲ್ಲಿ ಅಪ್ಪ ಹೋದನೆಂದು ಕಾಗದ ಬಂತು. ಹತ್ತನೆಯ ದಿನದ ಬೆಳಿಗ್ಗೆ ಮನೆ ಮುಟ್ಟಿದೆ. ಬಾವಿಕಟ್ಟೆಯ ಬಳಿ ಊರಿನ ಕ್ಷೌರಿಕ ನನ್ನ ತಲೆ ಬೋಳಿಸಿ, ಗಲ್ಲ ಎತ್ತಿ, ಅಲ್ಲಿಯೇ ತಡೆದ. ತೆಗೆಯಲು ಅಲ್ಲಿ ಏನೂ ಇರಲಿಲ್ಲ. ಶಾಸ್ತ್ರ ತಪ್ಪಬಾರದೆಂದು ಬರಿಯ ಚರ್ಮದ ಮೇಲೆ ಒಮ್ಮೆ ಕತ್ತಿ ಎಳೆದು ನೀರಿಗೆ ಅದ್ದಿದ. ನೀರು ತಂದಿಟ್ಟ ಮಂಜಿ ಅದನ್ನು ಕಂಡಳು. ಈ ಸಲ ಅವಳು ನನ್ನನ್ನು ಏನೂ ಕೇಳಲಿಲ್ಲ.