ಮುದ್ದೆ ನುಂಗಲು ಹಲ್ಲು ಯಾತಕ್ಕೆ?

ಪುರವರ ಹಳ್ಳಿಯ ಮಾರಕ್ಕ ಮೂರು ತಿಂಗಳಿಂದ ಬಾಯಿ ಮುಕ್ಕಳಿಸಿ ಉಗಿದ ಜಾಗಕ್ಕೆ ಕಾಲಿನಿಂದ ಮಣ್ಣೆಳೆದು ಮುಚ್ಚುತ್ತಿದ್ದಳು. ಉಗಿದರೆ ರಕ್ತ. ರಕ್ತ ಬರುವ ಕಡೆ ಬ್ರಷ್ ಆಡಿಸುವುದನ್ನೇ ಬಿಟ್ಟಳು. ಅತ್ತೆ ಓಬಳಮ್ಮ ಹೇಳಿದಳೆಂದು ವಸಡಿಗೆ ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿದಳು. ವಸಡು ಜೋಮು ಹಿಡಿಯಿತು, ರಕ್ತವೂ ಕಡಿಮೆಯಾಯಿತು. ವಾಸಿಯಾಯಿತೆಂದು ಹಿಗ್ಗಿದಳು.

ಆ ಸೋಮವಾರ ನಾಲಿಗೆ ತಗುಲಿದರೆ ಸಾಕು, ಮುಂದಿನ ಹಲ್ಲೊಂದು ಅಲುಗುತ್ತಿತ್ತು. ಒತ್ತಿದರೆ ಬುಡದಲ್ಲಿ ಕೀವು. ವಯಸ್ಸಿನ್ನೂ ನಲವತ್ತೆರಡು! ಮಾರಕ್ಕನಿಗೆ ಪಿತ್ತ ನೆತ್ತಿಗೇರಿತು.

"ನಾಳೆ ಮಧುಗಿರಿಗೆ ಹೋಗ್ತೀನಿ, ಹಲ್ಲಿನ ಡಾಕ್ಟ್ರ ತಾವ."

ಓಬಳಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ಮುದ್ದೆ ನುಂಗಾಕೆ ಹಲ್ಲು ಯಾತಕ್ಕೆ ಕಣಮ್ಮ? ನಂದು ಉದುರಿ ಇಪ್ಪತ್ತು ವರ್ಸ ಆಯ್ತು. ಒಂದು ತುತ್ತು ಕಮ್ಮಿ ಆಗಿಲ್ಲ."

"ಅದಕ್ಕೇ ಕಣತ್ತೆ, ಈ ಮನೇಲಿ ಯಾರ ಹಲ್ಲು ಹೋದ್ರೂ ಯಾರ್ಗೂ ಗೊತ್ತಾಗಲ್ಲ! ನಂಗೆ ಕಡ್ಲೆಕಾಯಿ ಜಗೀಬೇಕು. ಸೆರಗು ಅಡ್ಡ ಇಟ್ಕೊಳ್ದೆ ನಗ್ಬೇಕು."

ಗಂಡ ಸಣ್ಣರಂಗಯ್ಯ ಗುಡುಗಿದ. "ಲೇ, ಹಲ್ಲು ಕೀಳಿಸಿದ್ರೆ ಕಣ್ಣು ಹೋಗ್ತವೆ. ಸುಮ್ಕೆ ಬಿದ್ದಿರು."

"ನಿಮ್ಮವ್ವಂಗೆ ಒಂದು ಹಲ್ಲೂ ಇಲ್ಲ. ನಾನು ಡಬ್ಬಿಯಿಂದ ಚೂರು ಬೆಲ್ಲ ತಕ್ಕಂಡ್ರೆ ಜಗಲಿಯಿಂದ್ಲೇ ಹೆಂಗೆ ಕಾಣ್ತದೆ?"

ಮಾರನೆಯ ದಿನ ಒಬ್ಬಳೇ ಬಸ್ ಹತ್ತಿದಳು.

ಡಾಕ್ಟರ್ ಭುವನಾ ಸಣ್ಣ ಕಡ್ಡಿಯಿಂದ ವಸಡಿನ ಸಂದುಗಳನ್ನು ಅಳೆದು ನೋಡಿದಳು. "ರಕ್ತ ಯಾವಾಗಿಂದ?"

"ಮೂರು ತಿಂಗ್ಳಾತು. ಕಡ್ಡಿಪುಡಿ ಹಾಕಿದ್ಮೇಲೆ ನಿಂತಿತ್ತು."

"ರೋಗ ನಿಂತಿಲ್ಲಮ್ಮ, ಕಾಣದಂಗೆ ಆಯ್ತು ಅಷ್ಟೆ. ಒಳಗೆ ಮೂಳೆ ಸವೀತಾನೇ ಬಂತು. ವಸಡು ಊದಿ ಕೆಂಪಾದ್ರೆ, ವಾರ ಕಳೆದ್ರೂ ರಕ್ತ ನಿಲ್ದಿದ್ರೆ, ಬಾಯಿ ನಾತ ಹೋಗ್ದಿದ್ರೆ ಆಗ್ಲೇ ಬರ್ಬೇಕು. ಹಲ್ಲು ಅಲುಗೋವರೆಗೂ ಕಾಯ್ತಾರಾ?"

"ಎಷ್ಟು ಹೋಗ್ತವೆ? ಮುಚ್ಚಿಡದೆ ಹೇಳವ್ವ."

"ಇದೊಂದು ಉಳಿಯಲ್ಲ. ಮಿಕ್ಕಿದ್ದನ್ನ ಉಳಿಸ್ಬೋದು. ಬುಡದ ಪಾಚಿ ಕೆರೀಬೇಕು, ಇನ್ನೂ ಮೂರು ಸಲ ಬರ್ಬೇಕು. ದಿನಾ ಎರಡು ಹೊತ್ತು ಮೆತ್ತಗೆ ಉಜ್ಬೇಕು, ರಕ್ತ ಬಂದ್ರೂ ಬಿಡಬಾರ್ದು. ಕಡ್ಡಿಪುಡಿ ಮಾತ್ರ ಬಿಡ್ಲೇಬೇಕು."

ಅಷ್ಟರಲ್ಲಿ ಫೋನು ಕಿರುಚಿತು. ಸಣ್ಣರಂಗಯ್ಯ.

"ಕೀಳಿಸ್ಬೇಡ, ಎದ್ದು ಬಾ! ಇಲ್ದಿದ್ರೆ ಮನೆ ಮೆಟ್ಲು ಹತ್ಬೇಡ!"

"ಹತ್ತೇ ಹತ್ತುತೀನಿ. ಆ ಮೆಟ್ಲು ಸಾರಿಸೋಳು ನಾನೇ ಕಣಯ್ಯ. ಇನ್ನೂ ಮೂರು ಸಲ ಇಲ್ಲಿಗೆ ಬರೋದೈತೆ, ಈಗ್ಲೇ ಕೇಳಿಸ್ಕೊಂಡ್ಬುಡು."

ಫೋನು ಆರಿಸಿ ಕುರ್ಚಿಗೆ ಒರಗಿದಳು.

"ಇದೊಂದು ಕಿತ್ಹಾಕವ್ವ. ಮಿಕ್ಕಿದ್ರಲ್ಲಿ ಒಂದನ್ನೂ ನಾನು ಬುಟ್ಕೊಡಲ್ಲ," ಎಂದು ಬಾಯನ್ನು ಅಗಲವಾಗಿ ತೆರೆದಳು.