ನಲವತ್ತನೆಯ ಕಲ್ಲು

ಉಪಗ್ರಹ ಹಾರಿಸಿದವರಿಗೆಲ್ಲ ಚಪ್ಪಾಳೆ ಬಿದ್ದಾಗಿತ್ತು. ಅದು ಕಳಿಸಿದ ಚಿತ್ರಗಳನ್ನು ನಂಬಬಹುದೋ ಇಲ್ಲವೋ ಎಂದು ಹೇಳುವ ಕೆಲಸ ಮಾತ್ರ ತಕ್ಕಡಿ ಅಕ್ಕನ ತಲೆಗೆ ಬಂದಿತ್ತು. ನಕ್ಷೆ ಇಲಾಖೆಯ ಮೂರನೇ ಮಹಡಿಯಲ್ಲಿ ಕೂತು ಬೇರೆಯವರ ಅಳತೆಗಳಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ಒಂದು ಗೇಣು ಆಚೀಚೆಯಾದರೂ ಕಡತ ವಾಪಸ್ಸು ಕಳಿಸುತ್ತಾಳೆಂದು ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಅವಳಿಗೂ ಗೊತ್ತು, ಒಳಗೊಳಗೇ ಖುಷಿಯೂ ಇತ್ತು.

ಹಿಂದೆಲ್ಲ ನಮ್ಮದೇ ನೆಲದ ಚಿತ್ರ ಬೇಕೆಂದರೂ ಹೊರದೇಶಕ್ಕೆ ಅರ್ಜಿ ಹಾಕಿ ಆರಾರು ತಿಂಗಳು ಬಾಯಿ ಬಿಟ್ಟುಕೊಂಡು ಕಾಯಬೇಕಿತ್ತು. ಕೊನೆಗೂ ಬಂತಲ್ಲ ಎಂದು ಬಿಡಿಸಿ ನೋಡಿದರೆ ಬೇಕಾದ ಕಡೆಯೇ ಮೋಡ! ಈಗ ಉಪಗ್ರಹ ಕಟ್ಟಿದವರು ನಮ್ಮವರು, ಮಸೂರ ಉಜ್ಜಿದವರು ನಮ್ಮವರು. ಒಂದೇ ಜಾಗವನ್ನು ಅದು ಎರಡು ಕೋನಗಳಿಂದ ಚಿತ್ರ ತೆಗೆಯುತ್ತದೆ. ನಮ್ಮ ಎರಡು ಕಣ್ಣುಗಳ ಹಾಗೆ ಆ ಎರಡನ್ನೂ ಜೋಡಿಸಿದರೆ ಗುಡ್ಡದ ಎತ್ತರ, ಹಳ್ಳದ ಆಳ ಎಲ್ಲ ಕೈಗೆ ಸಿಗುತ್ತದೆ. ಅದು ನಿಜವೇ ಎಂದು ನೋಡಲು ದೇಶದ ಉದ್ದಗಲಕ್ಕೂ ನಲವತ್ತು ಹಳೆಯ ಸರ್ವೆ ಕಲ್ಲುಗಳನ್ನು ಆರಿಸಿದ್ದರು. ಚಿತ್ರದಲ್ಲಿ ಕಲ್ಲು ಇರುವ ಜಾಗಕ್ಕೂ ಹಳೆಯ ದಫ್ತರದಲ್ಲಿ ಬರೆದ ಜಾಗಕ್ಕೂ ಒಂದು ಮೀಟರಿನೊಳಗೆ ತಾಳೆಯಾಗಬೇಕು. ನಲವತ್ತೂ ತಾಳೆಯಾದರೆ ಇನ್ನು ಮುಂದೆ ದೇಶದ ನಕ್ಷೆಗಳೆಲ್ಲ ನಮ್ಮ ಚಿತ್ರದಿಂದಲೇ.

ಮೂವತ್ತೊಂಬತ್ತು ಕಲ್ಲುಗಳು ತಾಳೆಯಾದವು. ನಲವತ್ತನೆಯದು ಕೈಕೊಟ್ಟಿತು. ಹನ್ನೊಂದು ಮೀಟರ್ ಪಕ್ಕಕ್ಕೆ, ನಾಲ್ಕು ಮೀಟರ್ ಮೇಲಕ್ಕೆ. ತಕ್ಕಡಿ ಅಕ್ಕ ದಫ್ತರ ತರಿಸಿ ಆ ಪುಟ ತೆಗೆದಳು. ಉರುಟು ಉರುಟಾದ ಅಂಕಿಗಳು, ಏಳಕ್ಕೆ ನಡುವೆ ಅಡ್ಡಗೀಟು. ಚಿಕ್ಕವಳಿದ್ದಾಗ ಅವಳ ಮಗ್ಗಿ ಪುಸ್ತಕ ತಿದ್ದಿದ್ದ ಕೈಬರಹವೇ ಅದು. ದಫ್ತರ ಹಿಡಿದು ನೆಟ್ಟಗೆ ನಿರ್ದೇಶಕರ ಕೋಣೆಗೆ ನಡೆದಳು.

ನಿರ್ದೇಶಕರು ಹಗುರವಾಗಿ ತೆಗೆದುಕೊಂಡರು. "ಒಂದು ಕಲ್ಲಿಗೋಸ್ಕರ ಯಾಕಮ್ಮ ತಲೆ ಕೆಡಿಸ್ಕೊಳ್ತೀರಿ? ಹಳೇ ಅಳತೆಯ ದೋಷ ಅಂತ ಬರೆದು ಬಿಟ್ಬಿಡಿ. ಆಗಿನ ಕಾಲದೋರು, ಕೈಯಲ್ಲಿ ಅಳೆದದ್ದು."

"ಆಗಿನ ಕಾಲದೋರು ಅಂದ್ರೆ ನಮ್ಮಪ್ಪ ಸಾರ್."

ನಿರ್ದೇಶಕರು ಒಂದು ಲೋಟ ನೀರು ಕುಡಿದರು.

"ದೋಷ ಅಪ್ಪಂದೇ ಆಗಿದ್ರೆ ಅಪ್ಪಂದು ಅಂತಾನೇ ಬರೀತೀನಿ," ಎಂದಳು ಅವಳು. "ಉಪಗ್ರಹದ್ದಾಗಿದ್ರೆ ಅದನ್ನೂ ಬರೀತೀನಿ. ನೋಡದೆ ಬರೆಯಲ್ಲ. ಎರಡು ದಿನ ಕೊಡಿ."

ಮನೆಯಲ್ಲಿ ವಿಷಯ ಹೇಳಿದ್ದೇ ತಡ, ಎಪ್ಪತ್ತಾರರ ಅಪ್ಪ ಮುಖ ಊದಿಸಿಕೊಂಡರು. "ನಿಮ್ಮ ಉಪಗ್ರಹಕ್ಕೆ ಮೊದಲು ಒಂದು ಕನ್ನಡಕ ಹಾಕ್ಸು," ಎಂದರು. ತಾವೂ ಬರುವುದಾಗಿ ಪಟ್ಟು ಹಿಡಿದರು. ಮೊಣಕಾಲು ನೋವು, ದಾರಿ ದೂರ, ಯಾವ ಮಾತೂ ನಡೆಯಲಿಲ್ಲ.

ಬೆಳಿಗ್ಗೆ ದಫ್ತರವನ್ನೂ ಕಟ್ಟಿಕೊಂಡು ಇಬ್ಬರೂ ಜೀಪು ಹತ್ತಿದರು. ಮೂರು ಗಂಟೆ ಪ್ರಯಾಣವಾದ ಮೇಲೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಆ ಕಲ್ಲು ಅಳೆದ ದಿನ ನನಗೆ ಜ್ವರ ಇತ್ತು. ಕಣ್ಣು ಉರೀತಿತ್ತು. ಮತ್ತೆ ಅಳೆಯೋಣ ಅಂದ್ರೆ ಸಾಮಾನೆಲ್ಲ ಕಟ್ಟಿ ಆಗಿತ್ತು. ಇದನ್ನ ಯಾರ ಹತ್ರಾನೂ ಹೇಳಿಲ್ಲ."

ಅಪ್ಪನದು ತಪ್ಪಾಗಿದ್ದರೆ ಅದನ್ನು ಬರೆಯಬೇಕಾದವಳು ಅವಳೇ. ಉಪಗ್ರಹದ್ದು ತಪ್ಪಾಗಿದ್ದರೆ ಇಡೀ ಇಲಾಖೆ ಮತ್ತೆ ಅರ್ಜಿ ಹಿಡಿದು ಹೊರದೇಶದ ಬಾಗಿಲಲ್ಲಿ ನಿಲ್ಲಬೇಕು. ಇಬ್ಬರಲ್ಲಿ ಯಾರು ಸೋತರೂ ಸೋಲು ಅವಳದೇ.

ಗುಡ್ಡದ ತಿರುವಿನಲ್ಲಿ, ರಸ್ತೆಯ ಮೇಲ್ಬದಿಗೆ, ಕಲ್ಲು ಮದುಮಗನ ಹಾಗೆ ಕೂತಿತ್ತು. ಸುತ್ತ ಸಿಮೆಂಟಿನ ಕಟ್ಟೆ, ಮೈಗೆಲ್ಲ ಸುಣ್ಣ. ಅವಳು ಜಿಪಿಎಸ್ ಯಂತ್ರವನ್ನು ಅದರ ಮೇಲೆ ನಿಲ್ಲಿಸಿ ಒಂದು ಗಂಟೆ ಕಾದಳು. ಅಂಕಿ ಬಂತು. ಉಪಗ್ರಹ ಹೇಳಿದ್ದಕ್ಕೂ ಅದಕ್ಕೂ ಮೊಳದಷ್ಟೂ ವ್ಯತ್ಯಾಸವಿರಲಿಲ್ಲ. ಉಪಗ್ರಹ ಗೆದ್ದಿತ್ತು. ಅವಳಿಗೆ ಹೆಮ್ಮೆಯೂ ಆಯಿತು, ಅಪ್ಪನ ಕಡೆ ತಿರುಗಲು ಧೈರ್ಯವೂ ಸಾಲಲಿಲ್ಲ.

ಅಪ್ಪನೋ ಕಲ್ಲನ್ನು ಮೂರು ಸುತ್ತು ಸುತ್ತಿದ್ದರು. "ಕಲ್ಲು ನಂದೇ. ಜಾಗ ನಂದಲ್ಲ," ಎಂದರು.

"ಅಪ್ಪ, ಸರ್ವೆ ಕಲ್ಲು ಎದ್ದು ನಡೆಯುತ್ತಾ?"

"ನಡೆದಿದೆ!"

ಅಷ್ಟರಲ್ಲಿ ರಸ್ತೆ ರಿಪೇರಿಯ ಮೇಸ್ತ್ರಿಯೊಬ್ಬ ಸೈಕಲ್ ನಿಲ್ಲಿಸಿ ಓಡೋಡಿ ಬಂದ. ಸರ್ಕಾರದ ಜೀಪು ಕಂಡು ಅವನ ಮುಖ ಅರಳಿತ್ತು. "ಕಲ್ಲು ನೋಡೋಕೆ ಬಂದ್ರಾ? ಒಂದು ಗೀರೂ ಬಿದ್ದಿಲ್ಲ ನೋಡಿ! ರಸ್ತೆ ಅಗಲ ಮಾಡುವಾಗ ಬುಲ್ಡೋಜರಿಗೆ ಸಿಗ್ತಿತ್ತು. ಹಾಳು ಮಾಡಿದ್ರೆ ಜೈಲು ಅಂತ ಅದರ ಮೇಲೇ ಕೆತ್ತಿದ್ಯಲ್ಲ, ಅದಕ್ಕೆ ಎಂಟು ಜನ ಸೇರಿ ಕೂಸಿನ ಥರ ಎತ್ಕೊಂಡು ಬಂದು ಇಲ್ಲಿ ಕೂರಿಸಿದ್ವಿ. ಇಲ್ಲಿಂದ ನೋಟಾನೂ ಚೆನ್ನಾಗಿದೆ. ವರ್ಷಾ ವರ್ಷಾ ಸುಣ್ಣ ಹೊಡೀತೀನಿ."

ಸರ್ವೆ ಕಲ್ಲು ಒಡೆದವರನ್ನು ತಕ್ಕಡಿ ಅಕ್ಕ ಕಂಡಿದ್ದಳು, ಹೊತ್ತೊಯ್ದು ಬಟ್ಟೆ ಒಗೆಯಲು ಹಾಕಿಕೊಂಡವರನ್ನೂ ಕಂಡಿದ್ದಳು. ನೋಟ ಚೆನ್ನಾಗಿದೆಯೆಂದು ಜಾಗ ಬದಲಿಸಿ ಉಪಚಾರ ಮಾಡಿದವನನ್ನು ಇದೇ ಮೊದಲು ಕಂಡದ್ದು. ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು. ಯಾಕೆ ನಗುತ್ತಿದ್ದಾಳೆಂದು ತಿಳಿಯದೆ ಮೇಸ್ತ್ರಿಯೂ ನಕ್ಕ.

ಅಪ್ಪ ನಗಲಿಲ್ಲ. "ಹಳೇ ಜಾಗ ಎಲ್ಲಿ? ತೋರಿಸು," ಎಂದು ಆಗಲೇ ಇಳಿಯತೊಡಗಿದ್ದರು. ಪ್ರತಿ ಸರ್ವೆ ಕಲ್ಲಿನಡಿ ನೆಲದೊಳಗೆ ಇನ್ನೊಂದು ಗುರುತು ಹುಗಿಯುವುದು ಹಳಬರ ಕ್ರಮ. ಮೇಲಿನದಕ್ಕೆ ಏನಾದರೂ ಆದರೆ ಕೆಳಗಿನದು ಸಾಕ್ಷಿ. ರಸ್ತೆಯಂಚಿನಲ್ಲಿ ಮೇಸ್ತ್ರಿ ಗುದ್ದಲಿ ಹಾಕಿದ. ಮೊಣಕಾಲುದ್ದ ಅಗೆದರೂ ಮಣ್ಣೇ. ಅಪ್ಪ ಗುಂಡಿಯ ಪಕ್ಕ ನೆಲದ ಮೇಲೇ ಕೂತರು. ಇನ್ನೆರಡು ಏಟಿಗೆ ಗುದ್ದಲಿ ಟಣ್ಣೆಂದಿತು. ಅಪ್ಪ ಕೈಯಲ್ಲೇ ಮಣ್ಣು ಸವರಿದರು. ಬಂಡೆಯ ಮೇಲೆ ಕೆತ್ತಿದ ಪುಟ್ಟ ವೃತ್ತ, ನಡುವೆ ಚುಕ್ಕೆ.

ಅವಳು ಯಂತ್ರವನ್ನು ಆ ಚುಕ್ಕೆಯ ಮೇಲೆ ನಿಲ್ಲಿಸಿದಳು. ಈ ಸಲದ ಒಂದು ಗಂಟೆ ಮುಗಿಯುವಂತೆಯೇ ಕಾಣಲಿಲ್ಲ. ಅಂಕಿ ಬಂದಾಗ ದಫ್ತರದ ಪುಟದ ಪಕ್ಕ ಹಿಡಿದು ಎರಡೆರಡು ಬಾರಿ ನೋಡಿದಳು. ನಲವತ್ತನಾಲ್ಕು ವರ್ಷದ ಹಿಂದಿನ ಅಳತೆಗೂ ಇವತ್ತಿನದಕ್ಕೂ ನಾಲ್ಕು ಬೆರಳಿನ ವ್ಯತ್ಯಾಸ.

ಅಲ್ಲಿಂದಲೇ ಫೋನ್ ಮಾಡಿದಳು. "ಸಾರ್, ಅಪ್ಪಂದೂ ಸರಿ, ಉಪಗ್ರಹದ್ದೂ ಸರಿ. ಕಲ್ಲೇ ಜಾಗ ಬಿಟ್ಟಿದೆ. ನಾವ್ಯಾರೂ ಕಾಣದ್ದನ್ನ ಅದು ಆಕಾಶದಿಂದ ಕಂಡಿದೆ. ನಲವತ್ತಕ್ಕೆ ನಲವತ್ತು!" ಆ ಕಡೆ ನಿರ್ದೇಶಕರು ಕೂಗಿ ಹೇಳಿದ್ದು, ಮೂರನೇ ಮಹಡಿಗೆ ಮಹಡಿಯೇ ಚಪ್ಪಾಳೆ ತಟ್ಟಿದ್ದು ಎಲ್ಲ ಫೋನಿನಲ್ಲೇ ಕೇಳಿತು.

ಅಪ್ಪ ಇನ್ನೂ ಗುಂಡಿಯ ಪಕ್ಕವೇ ಕೂತಿದ್ದರು, ಕೈಯ ಮಣ್ಣು ಒರೆಸಿಕೊಂಡಿರಲಿಲ್ಲ. "ನಮ್ಮ ಕಾಲದಲ್ಲಿ ತಪಾಸಣೆಗೆ ಹೊರದೇಶದೋರು ಬರೋರು," ಎಂದರು. "ಕೋಟು ಹಾಕ್ಕೊಂಡು ನಿಂತು ನೋಡೋರು. ಮೂವತ್ತು ವರ್ಷದಲ್ಲಿ ಒಬ್ಬನೂ ಸರಿ ಇದೆ ಅನ್ನಲಿಲ್ಲ. ಪರವಾಗಿಲ್ಲ ಅಂತಿದ್ರು, ಅಷ್ಟೇ. ಈಗ ತಪಾಸಣೆಗೆ ಬಂದಿರೋದು ನೀನು."

ಅವಳು ದಫ್ತರವನ್ನು ಮಂಡಿಯ ಮೇಲಿಟ್ಟುಕೊಂಡು ಅಪ್ಪನ ಅಂಕಿಗಳ ಕೆಳಗೆ ತಾರೀಖು ಹಾಕಿ ಸಹಿ ಮಾಡಿದಳು. ಆಮೇಲೆ ಎದ್ದು ನೆಟ್ಟಗೆ ನಿಂತು, ಕಚೇರಿಯಲ್ಲಿ ಎಲ್ಲರಿಗೂ ಹೇಳುವ ಗಟ್ಟಿ ದನಿಯಲ್ಲೇ ಹೇಳಿದಳು:

"ಸರಿ ಇದೆ ಅಪ್ಪ."