ಹೊಗೆಯಾಡುವ ಒಲೆ, ನಾಳೆ ಪೂಜೆ

ಒಲೆ ಹೊಗೆಯಾಡಿದ್ದಕ್ಕೆ ನಾನೇ ಕಾರಣವಂತೆ. ಹಸಿ ಟರ್ಫ್, ಅಂದರೆ ಜೌಗಿನಿಂದ ಕಡಿದ ಉರುವಲು ಮಣ್ಣು, ತುಂಬಿದೆನಂತೆ. ಜೌಗಿನಲ್ಲಿ ಸೊಂಟ ಬೀಳುವ ಹಾಗೆ ಬಗ್ಗಿ ಒಂದೊಂದು ಹೆಂಟೆಯನ್ನೂ ತಿರುವಿ ಒಣಗಿಸಿದವನು ನಾನು, ಶೆಡ್ಡಿಗೆ ತಂದು ಪೇರಿಸಿದವನು ನಾನು. ಅದು ಹಸಿ ಅಂತ ತೀರ್ಪು ಕೊಡುವವಳು ಮಾತ್ರ ಕನ್ಸೆಪ್ಟಾ ಅತ್ತೆ, ಉಗುರಿನೊಳಗೆ ಮಣ್ಣು ಹೋಗಿ ಯಾವ ಕಾಲವಾಯಿತೋ.

ನಮ್ಮ ಮನೆ ನಿಂತಿರುವುದೇ ಆ ಒಲೆಯಿಂದ. ಮೇಲೆ ಅಡುಗೆ, ಹೊಟ್ಟೆಯಲ್ಲಿ ಬ್ರೆಡ್ಡು, ಬೆನ್ನಿಗೆ ಅಂಟಿಕೊಂಡ ಬಾಯ್ಲರಿನಿಂದ ಸ್ನಾನದ ನೀರು, ಅಲ್ಲಿಂದಲೇ ಎಲ್ಲ ಕೋಣೆಗಳ ರೇಡಿಯೇಟರುಗಳಿಗೂ ಬಿಸಿ. ಅದು ಮುನಿಸಿಕೊಂಡರೆ ನಮ್ಮ ಲೀಟ್ರಿಮ್ ಜಿಲ್ಲೆಯ ಮಾರ್ಚ್ ಚಳಿಯಲ್ಲಿ ಹಾಸಿಗೆಯಲ್ಲೂ ಕೋಟು ಹಾಕಿಕೊಂಡೇ ಮಲಗಬೇಕು.

ಮುನಿಸಿಕೊಳ್ಳುವುದಕ್ಕೆ ಅದಕ್ಕೆ ಸಿಕ್ಕಿದ್ದು ಸ್ಟೇಷನ್ನಿನ ವಾರವೇ. ಸರದಿಯ ಮೇಲೆ ಮನೆಯಿಂದ ಮನೆಗೆ ಬರುವ ಪೂಜೆ ಅದು. ಫಾದರ್ ಬಂದು ಅಡುಗೆಮನೆಯ ಮೇಜಿನ ಮೇಲೆಯೇ ಚರ್ಚಿನ ಬಲಿಪೂಜೆ ಮಾಡುತ್ತಾರೆ, ಅಕ್ಕಪಕ್ಕದವರೆಲ್ಲ ಸೇರುತ್ತಾರೆ, ಆಮೇಲೆ ತಿಂಡಿ. ನಮ್ಮ ಮನೆಗೆ ಮತ್ತೆ ಬರುವಷ್ಟರಲ್ಲಿ ಅಟ್ರಾಕ್ಟಾ ಅಜ್ಜಿ ಇರುತ್ತಾಳೋ ಇಲ್ಲವೋ, ಅದು ಅವಳಿಗೂ ಗೊತ್ತು. ಅದಕ್ಕೇ ಹೊಸ ಬಣ್ಣ ಬಳಿಸಿದ್ದಳು, ಹೊಸ ಪರದೆ ಹಾಕಿಸಿದ್ದಳು, ಗಾಳಿಯ ಸುಳಿವೂ ನುಗ್ಗದ ಹೊಸ ಕಿಟಕಿಗಳನ್ನು ಕೂರಿಸಿದ್ದಳು. ಬಣ್ಣ ಒಣಗುವ ಮುಂಚೆಯೇ ಗೋಡೆ ಹೊಗೆ ಹಿಡಿಯತೊಡಗಿತು.

"ಅಮ್ಮಾ, ನಾಳೆ ಪೂಜೆ ಸುಮ್ನೆ ನಮ್ಮನೇಲಿ ಇಟ್ಕೊಳ್ಳೋಣ," ಎಂದಳು ಅತ್ತೆ, ಮೂಗಿಗೆ ಕರವಸ್ತ್ರ ಹಿಡಿದು. ಅವಳ ಹೊಸ ಮನೆ ರಸ್ತೆಯ ತಿರುವಿನಲ್ಲೇ ಇದೆ; ನೆಲ ತಾನೇ ಬಿಸಿಯಾಗುತ್ತದೆ, ಬೂದಿಯಿಲ್ಲ, ಮಸಿಯಿಲ್ಲ. "ಫಾದರ್ ಕೆಮ್ಮಿ ಕೆಮ್ಮಿ ಸಾಯ್ಬೇಕಾ ನಿನ್ನ ಅಡುಗೆಮನೇಲಿ? ಸಾಯಂಕಾಲದೊಳಗೆ ಇದು ಸರಿಹೋಗ್ಲಿಲ್ಲ ಅಂದ್ರೆ ನಾನೇ ಫೋನ್ ಮಾಡ್ತೀನಿ. ಈ ಕಬ್ಬಿಣದ ಪೆಟ್ಟಿಗೇನ ಕಿತ್ತು ಬಿಸಾಕು ಅಂತ ಎಷ್ಟು ಸಲ ಹೇಳೋದು!"

ಅಜ್ಜಿ ಹಣೆ ಒತ್ತಿಕೊಳ್ಳುತ್ತ ಕೂತಿದ್ದಳು. ಎರಡು ದಿನದಿಂದ ಅವಳಿಗೆ ತಲೆನೋವು. "ನಿನ್ನ ಮಾತಿಗೇ ನನ್ನ ತಲೆ ಸಿಡೀತಿದೆ ಕಣೇ," ಎಂದಳು. ಅತ್ತೆ ಹೋದ ಮೇಲೆ ನನ್ನ ಕಡೆ ತಿರುಗಿ, "ಕೋಲ್ಮನ್, ಅವಳ ಮನೇಲಿ ಮಾಡಿಸ್ಬೇಡ ಮಗಾ," ಎಂದಳು. ಅಷ್ಟೇ.

ಒಲೆ ಆರಿಸಿದೆ. ತಣ್ಣಗಾದ ಮೇಲೆ ಮೇಲಿನ ತಟ್ಟೆ ಎತ್ತಿ ಬಾಯ್ಲರಿನ ಮುಖಕ್ಕೆ ಮೆತ್ತಿದ್ದ ಡಾಂಬರಿನಂಥ ಮಸಿಯನ್ನು ಕೆರೆದೆ. ಹೊಗೆ ಸುತ್ತಿ ಹೋಗುವ ದಾರಿಗೆಲ್ಲ ಬ್ರಷ್ ಹಾಕಿದೆ. ಮಾಡು ಹತ್ತಿ ಚಿಮಣಿಗೆ ಸರಳು ಇಳಿಸಿದೆ. ಕಾಗೆಗೂಡು ಸಿಕ್ಕಿದ್ದರೆ ಕಾಗೆಗೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಅದೂ ಇಲ್ಲ. ಬೂದಿ ತೆಗೆದೆ, ಹೊಗೆ ತಡೆಯುವ ಡ್ಯಾಂಪರ್ ತಗಡನ್ನು ಪೂರ್ತಿ ತೆರೆದು ಮತ್ತೆ ಹೊತ್ತಿಸಿದೆ. ಹೊಗೆ ನೇರ ನನ್ನ ಮುಖಕ್ಕೇ ಬಂತು. ಬೂದಿ ಬಕೆಟ್ಟನ್ನು ಒದ್ದೆ.

ಆಗ ಹಿಂಬಾಗಿಲಿನಿಂದ ಪಕ್ಕದ ಹೊಲದ ಫೆಲಿಮ್ ಬಂದ. "ಏನ್ ಅಟ್ರಾಕ್ಟಕ್ಕಾ, ಫಾದರ್‌ನ ಮೀನಿನ ಥರ ಹೊಗೇಲಿಟ್ಟು ಒಣಗಿಸ್ಬೇಕು ಅಂತ ಇದೀಯಾ?"

"ಬಾಗಿಲು ಹಾಕೋ, ಚಳಿ!" ಎಂದಳು ಅಜ್ಜಿ.

ಬಾಗಿಲು ಹಾಕಿದ. ಅಷ್ಟರೊಳಗೆ ನಾನು ಬೆಂಕಿಯನ್ನು ನೋಡಿದ್ದೆ. ಬಾಗಿಲು ತೆರೆದಿದ್ದಷ್ಟು ಹೊತ್ತು ಜ್ವಾಲೆ ಒಳಮುಖವಾಗಿ ಎಳೆದುಕೊಂಡಿತ್ತು. ಈಗ ಮತ್ತೆ ಹೊಗೆ.

"ಇನ್ನೊಂದ್ಸಲ ತೆಗಿ," ಎಂದೆ.

"ಹಾಕು ಅಂತೀರಾ, ತೆಗಿ ಅಂತೀರಾ, ನಾನೇನು ನಿಮ್ಮನೆ ಬೆಕ್ಕಾ?"

ತೆಗೆದ. ಜ್ವಾಲೆ ಗುರ್ರ್ ಎಂದಿತು.

ಒಲೆಗೆ ಉಸಿರಿಲ್ಲ! ಹೊಸ ಕಿಟಕಿಗಳು ಸಂದುಗಳನ್ನೆಲ್ಲ ಮುಚ್ಚಿಬಿಟ್ಟಿದ್ದವು. ಆದರೂ ಗೋಡೆಯಲ್ಲಿ ಗಾಳಿ ಕಿಂಡಿ ಇರಬೇಕಲ್ಲ? ಅದಿದ್ದ ಜಾಗದಲ್ಲಿ ಈಗ ಯೇಸುವಿನ ಪವಿತ್ರ ಹೃದಯದ ಪಟ ತೂಗುತ್ತಿತ್ತು. ಬಣ್ಣ ಬಳಿದ ಮೇಲೆ ಅದನ್ನು ಅಲ್ಲಿಗೆ ತಂದವಳು ಅಜ್ಜಿ. ಪಟ ಇಳಿಸಿದೆ. ಕಿಂಡಿಯೊಳಗೆ ಅವಳದೇ ನೀಲಿ ಉಣ್ಣೆ ಕಾರ್ಡಿಗನ್ ಬಿಗಿಯಾಗಿ ತುರುಕಲಾಗಿತ್ತು.

"ಅಜ್ಜೀ!"

"ಫಾದರ್ ನಿಲ್ಲೋದು ಅಲ್ಲೇ ಅಲ್ವೇನೋ? ಕತ್ತಿಗೆ ಗಾಳಿ ಹೊಡ್ದು ಅವ್ರಿಗೇನಾದ್ರೂ ಆದ್ರೆ? ಆ ಕಿಂಡಿ ಬಲೆ ಬೇರೆ ನೋಡೋಕೆ ಅಸಹ್ಯ. ಪೂಜೆ ಮುಗಿದ್ಮೇಲೆ ತೆಗೀತಿದ್ದೆ."

"ಅಷ್ಟರೊಳಗೆ ನಾವೇ ಮುಗೀತಿದ್ವಿ! ನಿನ್ನ ತಲೆನೋವು ಅತ್ತೆ ಮಾತಿಂದಲ್ಲ, ಆ ಹೊಗೆಯ ವಿಷಗಾಳಿಯಿಂದ! ಈ ಮನೆಯವ್ರು ರಾತ್ರಿ ಮಲಗಿದೋರು ಬೆಳಿಗ್ಗೆ ಏಳ್ತಿರ್ಲಿಲ್ಲ!" ಕಾರ್ಡಿಗನ್ ಕಿತ್ತು ಅವಳ ಮಡಿಲಿಗೆ ಎಸೆದೆ. ಅದು ಸಿಟ್ಟೇ ಎಂದು ಫೆಲಿಮ್ ಅಂದುಕೊಂಡಿರಬೇಕು.

"ಸ್ಟೇಷನ್ ಬದ್ಲು ಶವಸಂಸ್ಕಾರ," ಎಂದ. "ತಿಂಡಿ ಮಾತ್ರ ಅದೇ."

ಅಜ್ಜಿ ನಗು ತಡೆಯಲಾರದೆ ಕಾರ್ಡಿಗನ್ನಿನಲ್ಲೇ ಬಾಯಿ ಮುಚ್ಚಿಕೊಂಡಳು. ಅವಳನ್ನು ಎಬ್ಬಿಸಿ ಅಂಗಳಕ್ಕೆ ಕರೆದುಕೊಂಡು ಹೋಗಿ ಗಾಳಿಗೆ ನಿಲ್ಲಿಸಿದೆ. ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟೆ. ತಲೆ ಹಗುರಾಯಿತು ಎಂದು ಅವಳಾಗಿಯೇ ಹೇಳುವವರೆಗೂ ಒಳಗೆ ಬಿಡಲಿಲ್ಲ.

ಕಿಟಕಿ ಬಾಗಿಲು ಮತ್ತೆ ಮುಚ್ಚಿದಾಗಲೂ ಒಲೆ ಉರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಪೈಪುಗಳು ಟಕ್ ಟಕ್ ಎಂದವು. ರೇಡಿಯೇಟರುಗಳ ಮೂಲೆಯ ಕೀಲಿ ತಿರುಗಿಸಿ ಒಳಗೆ ಸಿಕ್ಕಿದ್ದ ಗಾಳಿ ಬಿಟ್ಟೆ. ಸುಯ್ ಎಂದು, ಒಂದೆರಡು ಹನಿ ಉಗುಳಿ ಬಾಯಿ ಮುಚ್ಚಿದವು. ಕೆಳಗಿನಿಂದ ಮೇಲಿನವರೆಗೂ ಕೈ ಇಡಲಾಗದಷ್ಟು ಬಿಸಿ. ಅಜ್ಜಿ ಸೋಡಾ ಬ್ರೆಡ್ಡಿನ ಹಿಟ್ಟು ಕಲಸಲು ಕೂತಳು.

ಸಾಯಂಕಾಲ ಅತ್ತೆ ಫೋನು ಕೈಯಲ್ಲೇ ಹಿಡಿದು ಬಂದಳು. "ಏನಮ್ಮಾ, ಫಾದರ್‌ಗೆ ಹೇಳ್ಲಾ?"

"ಹೇಳು. ಹಸಿದ ಹೊಟ್ಟೇಲಿ ಬರೋಕೆ ಹೇಳು. ನೀನು ನಿಮ್ಮನೆಯಿಂದ ಆರು ಕುರ್ಚಿ ತಂದ್ಕೊಡು."

ಅತ್ತೆ ಗೋಡೆ ನೋಡಿದಳು, ಒಲೆ ನೋಡಿದಳು, ನನ್ನನ್ನೂ ನೋಡಿದಳು. ಹಸಿ ಟರ್ಫಿನ ಮಾತು ಎತ್ತಲಿಲ್ಲ. ಕುರ್ಚಿಗಳನ್ನು ಎರಡೆರಡಾಗಿ ಹೊತ್ತು ತಂದಳು. ಕೊನೆಯ ಜೊತೆ ಇಳಿಸಿ ಒಲೆಗೆ ಬೆನ್ನು ಕೊಟ್ಟು ನಿಂತು, ಕಣ್ಣು ಮುಚ್ಚಿಕೊಂಡು ಎಂದಳು: "ಅಬ್ಬಾ, ಏನು ಶಾಖ! ನಾಳೆ ನಾನು ಇಲ್ಲೇ ನಿಲ್ಲೋದು, ಯಾರೂ ಬರ್ಬೇಡಿ ಈ ಕಡೆ."